ಮೈನಸ್ ಒಂದರ ಕಾಟ

ಡೇಟಾವನ್ನು ಗುಂಪು ಮಾಡುವ ಫಂಕ್ಷನ್ ಬರೆಯುವಾಗ ನನ್ನ ತಲೆಯೆಲ್ಲ ಅಲ್ಗಾರಿದಮ್ ಮೇಲೇ ಇತ್ತು. ಉತ್ತರ ಯಾವ ರೂಪದಲ್ಲಿ ಹೊರಬರಬೇಕು ಅಂತ ಐದು ನಿಮಿಷವೂ ಯೋಚಿಸಲಿಲ್ಲ. ಗುಂಪುಗಳು ತಾನೇ, ಲಿಸ್ಟ್ ಒಳಗೆ ಲಿಸ್ಟ್ ಇಟ್ಟರಾಯ್ತು ಅಂದುಕೊಂಡೆ.

3, 41, 5, 40, 3 ಕೊಟ್ಟರೆ [3, 5, 3] ಮತ್ತು [41, 40] ಬರುತ್ತಿತ್ತು. ನೋಡೋಕೆ ಚೆಂದ. ಆದರೆ ಅದನ್ನು ಮೂಲ ಟೇಬಲ್‌ಗೆ ಹೊಸ ಕಾಲಂ ಆಗಿ ಸೇರಿಸಲು ಹೋದಾಗ ಸಿಕ್ಕಿಬಿದ್ದೆ. ಯಾವ ಸಂಖ್ಯೆ ಯಾವ ಸಾಲಿನಿಂದ ಬಂತು ಅನ್ನೋ ಮಾಹಿತಿಯನ್ನು ನಾನೇ ಬಿಸಾಡಿದ್ದೆ!

ಹಾಗಾಗಿ ಲೇಬಲ್‌ಗಳಿಗೆ, ಅಂದರೆ ಗುಂಪಿನ ನಂಬರ್‌ಗಳಿಗೆ, ಬದಲಾಯಿಸಿದೆ: 0, 1, 0, 1, 0. ಸಾಲಿಗೊಂದು ಲೇಬಲ್, ಕೊಟ್ಟ ಕ್ರಮದಲ್ಲೇ. ಪೈಥಾನ್‌ನ ಮೆಷೀನ್ ಲರ್ನಿಂಗ್ ಲೈಬ್ರರಿ ಸೈಕಿಟ್-ಲರ್ನ್ ಕೊಡುವುದೂ ಹೀಗೇ. ಇದರಿಂದ ಗುಂಪುಗಳನ್ನು ಯಾವಾಗ ಬೇಕಾದರೂ ಕಟ್ಟಿಕೊಳ್ಳಬಹುದು.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಡಿಬಿಸ್ಕ್ಯಾನ್ ಅನ್ನೋ ಗುಂಪು ಮಾಡುವ ಅಲ್ಗಾರಿದಮ್‌ನಲ್ಲಿ ಯಾವ ಗುಂಪಿಗೂ ಸೇರದ ಬಿಂದುಗಳಿಗೆ -1 ಅಂತ ಲೇಬಲ್ ಹಾಕುವುದು ರೂಢಿ. ನಾನೂ ಹಾಗೇ ಮಾಡಿದೆ. ಆಮೇಲೆ ಪ್ರತಿ ಗುಂಪಿನ ಸರಾಸರಿ ತೆಗೆದು, means[labels] ಅಂತ ಬರೆದು ಪ್ರತಿ ಸಾಲಿಗೂ ಅದರ ಗುಂಪಿನ ಸರಾಸರಿ ಅಂಟಿಸಿದೆ. ಪೈಥಾನ್‌ನಲ್ಲಿ -1 ಅಂದರೆ ಕೊನೆಯ ಐಟಂ ಅಲ್ವಾ? ದಿಕ್ಕಿಲ್ಲದ ಬಿಂದುಗಳೆಲ್ಲ ಸದ್ದಿಲ್ಲದೆ ಕೊನೆಯ ಗುಂಪಿನ ಸರಾಸರಿ ಹೊತ್ತುಕೊಂಡು ಕೂತಿದ್ದವು. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಗ್ರಾಫ್‌ನಲ್ಲಿ ಒಂದು ಗುಂಪು ವಿಚಿತ್ರವಾಗಿ ಹರಡಿಕೊಂಡದ್ದು ಕಂಡ ಮೇಲೇ ಗೊತ್ತಾಗಿದ್ದು.

-1 ಬಿಟ್ಟು 0 ಇಡೋಣವೇ ಅಂತಲೂ ಯೋಚಿಸಿದೆ. ಆದರೆ 0 ಬೇರೆಡೆ ಮೊದಲ ಗುಂಪಿನ ಹೆಸರು. ಎಣಿಕೆ ಎಲ್ಲಿಂದ ಶುರು ಅನ್ನೋದರಲ್ಲೂ ಒಮ್ಮತವಿಲ್ಲ. ಸೈಪೈ ಅನ್ನೋ ಒಂದೇ ಪೈಥಾನ್ ಲೈಬ್ರರಿಯಲ್ಲಿ ಎಫ್‌ಕ್ಲಸ್ಟರ್ ಫಂಕ್ಷನ್ ಗುಂಪುಗಳನ್ನು 1 ರಿಂದ ಎಣಿಸುತ್ತದೆ, ಕಟ್‌ಟ್ರೀ ಫಂಕ್ಷನ್ 0 ಯಿಂದ!

ಕೊನೆಗೆ -1 ಅನ್ನು ಹಾಗೇ ಉಳಿಸಿದೆ, ಎಲ್ಲರಿಗೂ ಅಭ್ಯಾಸವಾಗಿರುವುದೇ ಅದು. ಸರಾಸರಿಗಳನ್ನು ಮಾತ್ರ ಅರೇ ಬದಲು ಡಿಕ್ಷನರಿಯಲ್ಲಿ ಕೊಡುತ್ತೇನೆ; ಅದರಲ್ಲಿ -1 ಅನ್ನೋ ಕೀ ಇಲ್ಲ, ಹುಡುಕಿದರೆ ಎರರ್ ಬರುತ್ತದೆ. ಸ್ವಲ್ಪ ನಿಧಾನ, ಇರಲಿ. ಗುಂಪುಗಳು ಬೇಕೆಂದರೆ ಬೇರೊಂದು ಮೆಥಡ್ ಇದೆ, ಅದು ಮೌಲ್ಯಗಳ ಬದಲು ಸಾಲಿನ ಸಂಖ್ಯೆಗಳನ್ನು ಕೊಡುತ್ತದೆ. ಇನ್ನೊಂದು ಸಣ್ಣ ಉಪಕಾರ: ಮೊದಲು ಕಾಣಿಸಿಕೊಂಡ ಗುಂಪಿಗೆ 0, ಮುಂದಿನದಕ್ಕೆ 1. ಕೆ-ಮೀನ್ಸ್ ಅನ್ನೋ ಇನ್ನೊಂದು ಅಲ್ಗಾರಿದಮ್ ಶುರುವಾಗುವ ಜಾಗ ಬದಲಾದರೂ, ಗುಂಪು ಅದೇ ಆಗಿದ್ದರೆ ಗ್ರಾಫ್‌ನ ಬಣ್ಣ ಬದಲಾಗುವುದಿಲ್ಲ.

ಹೊಸ ರೂಪ ಹಾಕಿ ಹಳೇ ಕೋಡ್ ಓಡಿಸಿದೆ. ತಕ್ಷಣ ಕೀಎರರ್: -1. ನಾನು ಮರೆತೇಬಿಟ್ಟಿದ್ದ ಇನ್ನೊಂದು ಫೈಲ್‌ನಲ್ಲೂ ಅದೇ ತಪ್ಪು ಇತ್ತು.