ಹೆಗಲ ಮೇಲಿನ ಜಪಸರ

ಬೈಕ್ ಮೇಲೆ ಮಣಿ ಎಣಿಸುತ್ತಾ ಮಾತೆ ಮರಿಯಳ ಜಪಸರ ಹೇಳುವುದನ್ನು ನನಗೆ ಕಲಿಸಿದವರು ನಮ್ಮಜ್ಜಿ. ಕಳಸದ ಕಡೆಯಿಂದ ಕಾರ್ಕಳದ ಹತ್ತಿರದ ಅತ್ತೂರು ಚರ್ಚಿನ ಜಾತ್ರೆಗೆ ಹೋಗಲು ಅವರಿಗೆ ಬಸ್ಸೂ ಬೇಡ, ಜೀಪೂ ಬೇಡ. "ನಿನ್ ಬೈಕಲ್ಲೇ ಬರ್ತೀನಿ ಮಗಾ" ಅನ್ನುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೇ ಕಡೆ ಕಾಲು ಬಿಟ್ಟು ಕೂತರೆ ಎಡಗೈಯಲ್ಲಿ ಜಪಸರ, ಬಲಗೈ ನನ್ನ ಹೆಗಲ ಮೇಲೆ.

ಗಾಳಿಯಲ್ಲಿ ಅವರ ದನಿ ಕೇಳುತ್ತಿರಲಿಲ್ಲ. ಆದರೆ ಪ್ರತಿ 'ನಮೋ ಮರಿಯಾ'ಗೂ ಒಂದು ಬೆರಳು ಹೆಗಲನ್ನು ಮೆಲ್ಲಗೆ ಒತ್ತುತ್ತಿತ್ತು. ಹತ್ತು ಸಲ ಆದ ಮೇಲೆ ಸ್ವಲ್ಪ ಬಿಡುವು. ಆಮೇಲೆ ಇಡೀ ಅಂಗೈ ಒತ್ತಿದರೆ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಶುರು ಅಂತ. ಹೆಲ್ಮೆಟ್ಟಿನೊಳಗೆ ನಾನೂ ಸುಮ್ನೆ ಹೇಳಿಕೊಳ್ಳುತ್ತಾ ಹೋಗುತ್ತಿದ್ದೆ. ಕುದುರೆಮುಖ ದಾಟಿ ಮಾಳ ಘಾಟಿ ಇಳಿಯುವಾಗ ವೇಗ ಒಂದು ಚೂರು ಜಾಸ್ತಿಯಾದರೂ ಬೆರಳು ನಿಂತುಬಿಡುತ್ತಿತ್ತು. ಬೈಗುಳ ಇಲ್ಲ, ಕೂಗಾಟ ಇಲ್ಲ. ಬೈಕ್ ನಿಧಾನವಾಯಿತೋ, ನಿಂತ ಮಣಿಯಿಂದಲೇ ಮತ್ತೆ ಶುರು.

ಅತ್ತೂರಿನ ಕಥೆ ನಿಮಗೆ ಗೊತ್ತೇ ಇದೆ. ಸಂತ ಲಾರೆನ್ಸರ ಪುಟ್ಟ ಮರದ ಪ್ರತಿಮೆ ಹಿಡಿದು ಚರ್ಚಿಗೆ ಜಾಗ ಹುಡುಕುತ್ತಾ ಬಂದವರು ಅದನ್ನು ನೀರಿನ ಬುಗ್ಗೆಯ ಹತ್ತಿರ ಇಳಿಸಿದರಂತೆ. ಆಮೇಲೆ ಎತ್ತಲು ಹೋದರೆ ಏಳಲೇ ಇಲ್ಲ. "ಎಲ್ಲಿ ನಿಲ್ಬೇಕು ಅಂತ ಸಂತರಿಗೆ ಗೊತ್ತಿತ್ತು, ನಿಂಗೂ ಗೊತ್ತಿರ್ಲಿ" ಅಂತ ಅಜ್ಜಿ ಬಜಗೋಳಿ ಪೇಟೆಯಲ್ಲಿ ತಪ್ಪದೆ ಹೇಳುತ್ತಿದ್ದರು. 2016ರಲ್ಲಿ ಆ ಚರ್ಚು ಬಸಿಲಿಕಾ, ಅಂದರೆ ಪೋಪರು ವಿಶೇಷ ಗೌರವ ಕೊಟ್ಟ ಚರ್ಚು, ಆಯಿತು. ಅಜ್ಜಿಗೆ ಮಾತ್ರ ಕೊನೆಯವರೆಗೂ ಅತ್ತೂರು ಚರ್ಚೇ.

ಅವರು ಪ್ರಭುವಿನ ಪಾದ ಸೇರಿದ ಮೇಲೆ ಈ ಜನವರಿಯಲ್ಲಿ ಒಬ್ಬನೇ ಹೊರಟೆ. ಹೆಗಲು ತೀರಾ ಹಗುರ ಅನಿಸುತ್ತಿತ್ತು. ಮಾಳ ಘಾಟಿಯಲ್ಲಿ ಜಪದ ನಡುವೆ ಇದ್ದಕ್ಕಿದ್ದಂತೆ ಬೆರಳು ನಿಂತಂತಾಯಿತು. ಕೈ ತಾನಾಗಿ ಬ್ರೇಕಿಗೆ ಹೋಯಿತು. ತಿರುವು ದಾಟಿದರೆ ರಸ್ತೆ ಮಧ್ಯೆ ಕಡವೆ. ನಂಬುವವರು ನಂಬಲಿ. ಅದು ಕಾಡಿಗೆ ಇಳಿಯುವವರೆಗೂ ಇಂಜಿನ್ ಆಫ್ ಮಾಡಿ ಕೂತಿದ್ದೆ. ಹಚ್ಚಬೇಕು ಅಂದುಕೊಂಡಿದ್ದ ಮೊಂಬತ್ತಿಯ ಜೊತೆ ಅತ್ತೂರಿನಲ್ಲಿ ಇನ್ನೊಂದು ಹಚ್ಚಿದೆ.

ಅಲ್ಲಿ ಬೈಕು ನಿಲ್ಲಿಸುವ ಜಾಗದಲ್ಲಿ ನೋಡಿದ್ದು ಮಾತ್ರ ಬೇಜಾರು. ಕನ್ನಡಿಗೆ ಜಪಸರ, ಟ್ಯಾಂಕಿನ ಮೇಲೆ ದೇವರು ಕಾಯುತ್ತಾನೆ ಅನ್ನುವ ಬೈಬಲಿನ 91ನೇ ಕೀರ್ತನೆಯ ಸ್ಟಿಕ್ಕರ್, ಹೆಲ್ಮೆಟ್ ಮೊಣಕೈಯಲ್ಲಿ. ಹೊಸ ಬೈಕ್ ಬಂದರೆ ಶೋರೂಮಿನಿಂದ ಸೀದಾ ಚರ್ಚಿಗೆ ತರುತ್ತೇವೆ. ಫಾದರ್ ತೀರ್ಥ ಚಿಮುಕಿಸುತ್ತಾರೆ. ಜುಲೈ 25ಕ್ಕೆ ಪ್ರಯಾಣಿಕರ ಸಂತ ಕ್ರಿಸ್ಟೋಫರರನ್ನು ನೆನೆಯುತ್ತೇವೆ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿದವರು ಅವರು. ಆ ಹೊಳೆಯಲ್ಲಿ ಒಂದೊಂದೇ ಹೆಜ್ಜೆ ಊರಿ ನಡೆದರು ಅನ್ನುವುದನ್ನು ಮರೆಯುತ್ತೇವೆ, ಅಲ್ವಾ?

ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಓದುವ ಮತ್ತಾಯನ ಶುಭಸಂದೇಶ ನೆನಪು ಮಾಡಿಕೊಳ್ಳಿ. ಸೈತಾನ ಯೇಸುಸ್ವಾಮಿಯನ್ನು ದೇವಾಲಯದ ತುದಿಗೆ ಹತ್ತಿಸಿ, ಕೆಳಗೆ ಧುಮುಕು, ದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಅನ್ನುತ್ತಾನೆ. ಆ ಮಾತು ಎಲ್ಲಿಯದು? ಇದೇ 91ನೇ ಕೀರ್ತನೆಯದು! ದೇವರನ್ನು ಪರೀಕ್ಷಿಸಬಾರದು ಅಂತ ಸ್ವಾಮಿ ಧುಮುಕಲಿಲ್ಲ. ಸಾಕ್ಷಾತ್ ದೇವರ ಮಗನೇ ಅಷ್ಟು ಜೋಪಾನ. ನಾವೋ, ಒಂದೇ ಬೈಕಲ್ಲಿ ಮೂರು ಜನ ಕೂತು ಒಂಬತ್ತು ದಿನದ ನೊವೇನ ಪ್ರಾರ್ಥನೆಗೆ ಹೋಗುತ್ತೇವೆ.

ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ನಾನು ಮೊದಲು ಹೆಲ್ಮೆಟ್ ಪಟ್ಟಿ ಬಿಗಿಯುತ್ತೇನೆ. ಆಮೇಲೆ ಶಿಲುಬೆಯ ಗುರುತು. ಇದು ಅಜ್ಜಿ ಹಾಕಿಕೊಟ್ಟ ಕ್ರಮ. ಹಿಂದುಮುಂದು ಮಾಡಿದರೆ ಅವರು ಬೈಕ್ ಹತ್ತುತ್ತಲೇ ಇರಲಿಲ್ಲ.