ಟ್ರೇಯ ಮೇಲಿಂದ ತೆಗೆದ ಸ್ಯಾಂಪಲ್

ಕಾರ್ಕಳದ ಹತ್ತಿರ ಒಂದು ಗೇರುಬೀಜ ಫ್ಯಾಕ್ಟರಿಯಲ್ಲಿ ನಾನು ಕ್ವಾಲಿಟಿ ಮತ್ತು ಲೆಕ್ಕ ಎರಡನ್ನೂ ನೋಡಿಕೊಳ್ಳುತ್ತೇನೆ. ಈ ಕೆಲಸ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಬೀಜವನ್ನು ಹಬೆಯಲ್ಲಿ ಬೇಯಿಸಿ, ತಣಿಸಿ, ಕತ್ತರಿಸಿ, ಒಳಗಿನ ತಿರುಳನ್ನು ಬೋರ್ಮಾ ಎಂಬ ಬಿಸಿಗಾಳಿ ಕೋಣೆಯಲ್ಲಿ ಒಣಗಿಸಿ, ಕೆಂಪು ಸಿಪ್ಪೆ ಬಿಡಿಸಿ, ಗ್ರೇಡ್ ಮಾಡಿ ಡಬ್ಬಕ್ಕೆ ತುಂಬುತ್ತೇವೆ. ಡಬ್ಲ್ಯೂ 320 ಅನ್ನುವ ಗ್ರೇಡ್ ಅಂದರೆ ಒಂದು ಪೌಂಡಿಗೆ 300ರಿಂದ 320 ಇಡಿ ಬೀಜ. ಡಬ್ಲ್ಯೂ 180 ಅಂದರೆ ಅದಕ್ಕಿಂತ ತುಂಬಾ ದಪ್ಪ. ಎಷ್ಟು ದಪ್ಪ ಇದ್ದರೂ ತುಂಡಾಯಿತು ಅಂದರೆ ಬೆಲೆ ಬಿದ್ದುಹೋಗುತ್ತದೆ. ಹಾಗಾಗಿ ಧಣಿಗಳಿಂದ ಹಿಡಿದು ಎಲ್ಲರ ಕಣ್ಣೂ ಒಂದೇ ಅಂಕಿಯ ಮೇಲೆ: ಇವತ್ತು ಇಡಿ ಬೀಜ ಎಷ್ಟು ಪರ್ಸೆಂಟ್?

ಕೆಲವು ವರ್ಷಗಳ ಹಿಂದೆ ಗೋಡೆಗೆ ದೊಡ್ಡ ಬೋರ್ಡ್ ಹಾಕಿಸಿದವಳು ನಾನೇ. ತಲೆಗೆ ಎಷ್ಟು ಕೆಜಿ, ಇಡಿ ಎಷ್ಟು, ತುಂಡು ಎಷ್ಟು, ರಜೆ ಎಷ್ಟು, ಸೌದೆ ಎಷ್ಟು, ಹೀಗೆ 14 ಸಾಲು. ಜೂನ್ ಬಂತು, ಮಳೆ ಹಿಡಿಯಿತು, ಸಿಪ್ಪೆ ಬಿಡಿಸುವ ವಿಭಾಗದ ಎರಡು ಸಾಲು ಒಟ್ಟಿಗೆ ಇಳಿದವು. ಕೆಜಿಯೂ ಕಮ್ಮಿ, ಇಡಿ ಬೀಜವೂ ಕಮ್ಮಿ. ಮೀಟಿಂಗ್‌ನಲ್ಲಿ ಮಾತು ಎಲ್ಲಿಗೆ ಹೋಯಿತು ಅಂದರೆ, ವಯಸ್ಸಾದವರ ಕೈ ನಿಧಾನವಾಗಿದೆ, ಅವರನ್ನು ಪ್ಯಾಕಿಂಗ್‌ಗೆ ಕಳಿಸಿ ಹೊಸಬರನ್ನು ತೆಗೆದುಕೊಳ್ಳೋಣ ಅನ್ನುವವರೆಗೆ. ಬೋರ್ಡ್ ನೋಡಿದರೆ ಹಾಗೇ ಕಾಣುತ್ತಿತ್ತು.

ಮರುದಿನ ನಾನು ಅಲ್ಲೇ ಹೋಗಿ ಒಬ್ಬ ಅಕ್ಕನ ಪಕ್ಕ ಕೂತೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುವವರು. ಒಂದು ಬೀಜ ನನ್ನ ಕೈಗೆ ಕೊಟ್ಟರು. "ಹೆಬ್ಬೆರಳಲ್ಲಿ ಉಜ್ಜಿ ನೋಡಿ ಮೇಡಂ." ಉಜ್ಜಿದೆ, ಸಿಪ್ಪೆ ಜಾರಲಿಲ್ಲ, ಅಂಟಿಕೊಂಡೇ ಇತ್ತು. ಚೆನ್ನಾಗಿ ಒಣಗಿದ ಬೀಜದ ಸಿಪ್ಪೆ ಹಾಗೆ ಉಜ್ಜಿದರೆ ಪುಡಿಪುಡಿಯಾಗಿ ಬಿಟ್ಟುಬರುತ್ತದೆ. "ಇದಕ್ಕೆ ಚೂರಿ ಹಾಕ್ಲೇಬೇಕು. ಚೂರಿ ಹಾಕಿದ್ರೆ ಹೋಳಾಗ್ತದೆ. ನಿನ್ನೆ ಸಂಜೆಯಿಂದ ಈ ಟ್ರೇ ಬಾಗಿಲ ಹತ್ರ ಇತ್ತಲ್ವಾ?" ಅಂದರು.

ಬೋರ್ಮಾದಿಂದ ಬಂದ ಟ್ರೇಗಳು ರಾತ್ರಿಯೆಲ್ಲ ಶಟರ್ ಪಕ್ಕ ಇರುತ್ತಿದ್ದವು. ಮಳೆಗಾಳಿಗೆ ಬೀಜ ಮತ್ತೆ ತೇವ ಎಳೆದುಕೊಳ್ಳುತ್ತಿತ್ತು. ಹಾಗಂತ ಬೋರ್ಮಾದಲ್ಲಿ ಜಾಸ್ತಿ ಹೊತ್ತು ಇಟ್ಟರೂ ಆಗುವುದಿಲ್ಲ, ಅತಿಯಾಗಿ ಒಣಗಿದ ಬೀಜ ಮುಟ್ಟಿದರೆ ಪಟ್ಟನೆ ಒಡೆಯುತ್ತದೆ. ಅಂದರೆ ಅಕ್ಕಂದಿರ ಹೆಸರಿನ ಮುಂದೆ ನಾನು ಬರೆಯುತ್ತಿದ್ದ ಅಂಕಿಯಲ್ಲಿ ಅರ್ಧ ಪಾಲು ಅವರ ಕೈಯಲ್ಲೇ ಇರಲಿಲ್ಲ. ಆ ಅಂಕಿ ಹಿಡಿದುಕೊಂಡು ಅವರನ್ನು ಎಬ್ಬಿಸಲು ಹೊರಟಿದ್ದೆವು. ಇದು ನನಗೆ ಇವತ್ತಿಗೂ ನೋಯುತ್ತದೆ.

ಅಲ್ಲಿಂದ ಒಂದೊಂದೇ ಸಾಲನ್ನು ಕೆದಕಿದೆ. ಈ ಅಂಕಿ ಬದಲಾದರೆ ನಾಳೆ ನಾವು ಬೇರೆ ಏನು ಮಾಡುತ್ತೇವೆ, ಅದನ್ನು ಮಾಡುವವರು ಯಾರು? ಉತ್ತರ ಇಲ್ಲದ ಸಾಲನ್ನೆಲ್ಲ ಅಳಿಸಿದೆ. ಒಂಬತ್ತು ಹೋದವು.

ಉಳಿದವನ್ನು ನಂಬಬಹುದಾ ಅನ್ನುವುದು ಇನ್ನೊಂದು ಪ್ರಶ್ನೆ, ಮತ್ತು ನನ್ನ ಹೆಚ್ಚಿನ ಸಮಯ ಹೋಗಿದ್ದು ಇಲ್ಲೇ. ಒಂದೇ ಟ್ರೇಯಿಂದ ಇಬ್ಬರು ಹುಡುಗಿಯರಿಗೆ, ಒಬ್ಬರದು ಇನ್ನೊಬ್ಬರಿಗೆ ತಿಳಿಯದಂತೆ, ಅರ್ಧ ಕೆಜಿ ತೆಗೆದು ಇಡಿ, ಹೋಳು, ತುಂಡು ಬೇರೆ ಮಾಡಿ ತೂಗಲು ಹೇಳಿದೆ. ಇಬ್ಬರ ಲೆಕ್ಕಕ್ಕೂ ಒಂಬತ್ತು ಪರ್ಸೆಂಟ್ ವ್ಯತ್ಯಾಸ! ಒಂದೇ ಬೀಜ, ಒಂದೇ ದಿನ. ಪಕ್ಕದಲ್ಲೇ ನಿಂತು ನೋಡಿದ ಮೇಲೆ ಗೊತ್ತಾಯಿತು. ಒಬ್ಬಳು ಮೇಲಿಂದ ಬಾಚುತ್ತಿದ್ದಳು, ಇನ್ನೊಬ್ಬಳು ಕೈಯನ್ನು ತಳದವರೆಗೆ ಇಳಿಸುತ್ತಿದ್ದಳು. ಟ್ರೇ ಅಲುಗಾಡಿದಾಗ ತುಂಡು ಸಂದಿಯಲ್ಲಿ ಜಾರಿ ಕೆಳಗೆ ಸೇರುತ್ತದೆ, ಇಡಿ ಬೀಜ ಮೇಲೆ ಉಳಿಯುತ್ತದೆ. ಅಲ್ಲದೆ ತುದಿ ಸ್ವಲ್ಪ ಮುರಿದ ಬೀಜವನ್ನು ಒಬ್ಬಳು ಇಡಿ ಅಂತ ಹಾಕಿದರೆ ಇನ್ನೊಬ್ಬಳು ತುಂಡಿಗೆ ಹಾಕುತ್ತಿದ್ದಳು. ಇಬ್ಬರದೂ ತಪ್ಪಲ್ಲ, ಹೇಗೆ ಮಾಡಬೇಕು ಅಂತ ನಾವು ಯಾರೂ ಹೇಳಿಯೇ ಇರಲಿಲ್ಲ. ನಾನೋ ವರ್ಷಗಟ್ಟಲೆ ಎರಡು ಪರ್ಸೆಂಟ್ ಏರಿದರೆ ಖುಷಿಪಟ್ಟು, ಇಳಿದರೆ ಕಾರಣ ಕೇಳುತ್ತಿದ್ದೆ.

ಈಗ ಟ್ರೇಯನ್ನು ಮೇಜಿನ ಮೇಲೆ ಪೂರ್ತಿ ಸುರಿದು, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು, ಉಳಿದದ್ದನ್ನು ಕಲಸಿ ಮತ್ತೆ ಹಾಗೇ ಮಾಡಿ ಸ್ಯಾಂಪಲ್ ತೆಗೆಯುತ್ತೇವೆ. ಯಾವುದು ಇಡಿ, ಯಾವುದು ತುಂಡು ಅಂತ ಬೀಜವನ್ನೇ ಗಾಜಿನ ಡಬ್ಬಿಯಲ್ಲಿ ಹಾಕಿ ಎದುರಿಗೆ ಇಟ್ಟಿದ್ದೇವೆ. ತಿಂಗಳಿಗೊಮ್ಮೆ ಇಬ್ಬರಿಂದಲೂ ಒಂದೇ ಟ್ರೇ ಅಳೆಸುತ್ತೇವೆ. ಅವರಿಬ್ಬರ ನಡುವೆ ಎಷ್ಟು ವ್ಯತ್ಯಾಸ ಬರುತ್ತದೋ, ಅದಕ್ಕಿಂತ ಕಮ್ಮಿ ಏರಿಳಿತ ಇದ್ದರೆ ಯಾರನ್ನೂ ಏನೂ ಕೇಳುವುದಿಲ್ಲ.

ಇಳುವರಿಯ ಲೆಕ್ಕದಲ್ಲೂ ಇಂಥದ್ದೇ ಗೊಂದಲ ಇತ್ತು. 80 ಕೆಜಿ ಅಂತ ಕೊಂಡ ಚೀಲ ಗೋದಾಮಿನಲ್ಲಿ ಒಣಗಿ 77 ಆಯಿತು ಅಂತಿಟ್ಟುಕೊಳ್ಳಿ. ಅದರಿಂದ 18 ಕೆಜಿ ತಿರುಳು ಬಂದರೆ ಖರೀದಿಯವರ ಲೆಕ್ಕದಲ್ಲಿ ಇಳುವರಿ 22.5 ಪರ್ಸೆಂಟ್, ಫ್ಯಾಕ್ಟರಿಯವರ ಲೆಕ್ಕದಲ್ಲಿ 23.4. ಇಬ್ಬರೂ ಸರಿ, ಆದರೆ ಯಾವ ಊರಿನ ಬೀಜ ಮತ್ತೆ ಕೊಳ್ಳಬೇಕು ಅಂತ ನಿರ್ಧರಿಸುವಾಗ ಒಂದು ಲಾಟ್ ಒಬ್ಬರ ಲೆಕ್ಕದಲ್ಲಿ, ಇನ್ನೊಂದು ಇನ್ನೊಬ್ಬರ ಲೆಕ್ಕದಲ್ಲಿ ಇದ್ದರೆ ದುಡ್ಡು ಕೈಬಿಟ್ಟು ಹೋಗುತ್ತದೆ. ಈಗ ಎಲ್ಲ ಲಾಟಿಗೂ ಖರೀದಿಯ ತೂಕವೇ. ಯಾಕೆಂದರೆ ನಾವು ದುಡ್ಡು ಕೊಟ್ಟಿದ್ದು ಆ ತೂಕಕ್ಕೆ.

ಕೆಜಿ ಮೇಲೆ ಮಾತ್ರ ಇನಾಮು ಕೊಡುವುದನ್ನೂ ನಿಲ್ಲಿಸಿದೆವು. ಕೆಜಿಗೆ ಮಾತ್ರ ದುಡ್ಡು ಅಂದರೆ ಕೈ ಓಡುತ್ತದೆ, ಬೀಜ ಒಡೆಯುತ್ತದೆ, ಅದು ಸಹಜ. ಈಗ ಕೆಜಿ ಮತ್ತು ಇಡಿ ಬೀಜ ಎರಡನ್ನೂ ಒಟ್ಟಿಗೇ ನೋಡುತ್ತೇವೆ, ಅದರ ಪಕ್ಕದಲ್ಲೇ ಆ ಟ್ರೇ ಬೋರ್ಮಾದಿಂದ ಬಂದ ಹೊತ್ತು ಮತ್ತು ಬೀಜದ ತೇವವನ್ನು ಬರೆಯುತ್ತೇವೆ.

ಈ ವರ್ಷ ಜೂನ್ ಎರಡನೇ ವಾರ ಇಡಿ ಬೀಜ ಮತ್ತೆ ಇಳಿಯಿತು. ಧಣಿಗಳು ಬೋರ್ಡ್ ಮುಂದೆ ನಿಂತು ಮೊದಲು ಕೇಳಿದ್ದು, "ತೇವ ಎಷ್ಟಿತ್ತು?" ಬೋರ್ಮಾದ ಪುಸ್ತಕ ತೆಗೆದೆವು. ಒಂದು ಬಾಗಿಲಿನ ರಬ್ಬರ್ ಹರಿದು ಬಿಸಿಗಾಳಿ ಸೋರುತ್ತಿತ್ತು. ಮಧ್ಯಾಹ್ನದೊಳಗೆ ರಿಪೇರಿಯಾಯಿತು. ಅಕ್ಕ ಅದೇ ಜಾಗದಲ್ಲಿ ಕೂತು ಬೀಜ ಉಜ್ಜುತ್ತಿದ್ದರು.