ಒಂದೇ ದಿನದ ಲಂಡನ್: ಹದಿನಾಲ್ಕು ಜಾಗ ಬೇಡ, ಮೂರು ಸಾಕು

ನಾನು ಓದುತ್ತಿದ್ದದ್ದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಬಂದು ತಿಂಗಳಾಗಿತ್ತು ಅಷ್ಟೇ. 2023ರ ಅಕ್ಟೋಬರ್‌ನ ಒಂದು ಶನಿವಾರ ಲಂಡನ್ ನೋಡಿ ಬರೋಣ ಎಂದು ಒಬ್ಬನೇ ಹೊರಟೆ. ಹಿಂದಿನ ರಾತ್ರಿ ಕೂತು ಬರೆದ ಪಟ್ಟಿಯಲ್ಲಿ ಹದಿನಾಲ್ಕು ಜಾಗಗಳಿದ್ದವು. ನೋಡಿದ್ದು ಮೂರು. ಈಗ ಯಾರಾದರೂ ಕೇಳಿದರೆ ಆ ಮೂರೇ ಸಾಕು ಅನ್ನುತ್ತೇನೆ.

ರೈಲು ಬೇಗ ತಲುಪಿಸುತ್ತದೆ, ಆದರೆ ಕೊನೆ ಗಳಿಗೆಯಲ್ಲಿ ಟಿಕೆಟ್ ತೆಗೆದರೆ ಜೇಬು ಖಾಲಿ. ರೈಲೇ ಬೇಕೆಂದರೆ ವಿದ್ಯಾರ್ಥಿಗಳಿಗೆ ಸಿಗುವ ರೈಲ್‌ಕಾರ್ಡ್ ಮಾಡಿಸಿಕೊಳ್ಳಿ, ದರದಲ್ಲಿ ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ. ನಾನು ಹೋದದ್ದು ಬಸ್ಸಿನಲ್ಲಿ. ದೂರದ ಊರಿನ ಬಸ್ಸಿಗೆ ಇಲ್ಲಿ ಕೋಚ್ ಎನ್ನುತ್ತಾರೆ. ಬೆಳಿಗ್ಗೆ ಆರೂವರೆಗೆ ಹತ್ತಿದವನು ಒಂಬತ್ತೂವರೆ ಸುಮಾರಿಗೆ ವಿಕ್ಟೋರಿಯಾ ಕೋಚ್ ಸ್ಟೇಷನ್‌ನಲ್ಲಿ ಇಳಿದೆ. ವಾಪಸ್ ಬಸ್ಸು ಸಂಜೆ ಆರೂವರೆಗೆ. ನಡುವಿನ ಒಂಬತ್ತು ಗಂಟೆಯಲ್ಲಿ ಊಟ, ಓಡಾಟ, ದಾರಿ ತಪ್ಪುವುದು ಎಲ್ಲ ಕಳೆದರೆ ಉಳಿಯುವುದು ಆರು. ಅದಕ್ಕೇ ಬಸ್ಸು ಇಳಿಯುವ ಜಾಗದ ಸುತ್ತಮುತ್ತಲೇ ದಿನ ಕಳೆಯಿರಿ. ಗ್ರೀನಿಚ್, ಟವರ್ ಬ್ರಿಡ್ಜ್ ಇನ್ನೊಂದು ಸಲಕ್ಕಿರಲಿ.

ವಿಕ್ಟೋರಿಯಾದಿಂದ ಮೆಟ್ರೋದಲ್ಲಿ ಎರಡನೇ ಸ್ಟಾಪೇ ಸೌತ್ ಕೆನ್ಸಿಂಗ್‌ಟನ್. ಅಲ್ಲಿಂದ ಮ್ಯೂಸಿಯಂಗಳ ಕಡೆಗೆ ನೆಲದಡಿ ಒಂದು ಕಾಲುದಾರಿ ಇದೆ, ಮಳೆ ಬಂದರೂ ನೆನೆಯದೆ ಹೋಗಬಹುದು. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಹತ್ತಕ್ಕೆ ತೆರೆಯುತ್ತದೆ, ಒಳಗೆ ಹೋಗಲು ದುಡ್ಡಿಲ್ಲ. ನಾನು ಹೋದದ್ದು ಒಂದೇ ಒಂದು ವಸ್ತುವಿಗಾಗಿ: ಟಿಪ್ಪುವಿನ ಹುಲಿ.

ಮಂಡ್ಯದವನು ನಾನು. ಶಾಲೆಯ ಪ್ರವಾಸವೆಂದರೆ ಶ್ರೀರಂಗಪಟ್ಟಣ, ದರಿಯಾ ದೌಲತ್, ಆಮೇಲೆ ಸಂಗಮದಲ್ಲಿ ಬುತ್ತಿ ಬಿಚ್ಚುವುದು. ಮೇಷ್ಟ್ರು ಆ ಹುಲಿಯ ಕಥೆ ಹೇಳುವಾಗ ಯಾವುದೋ ಸಣ್ಣ ಗೊಂಬೆ ಅಂದುಕೊಂಡಿದ್ದೆ. ಎದುರಿಗೆ ನಿಂತರೆ ಅದು ನನ್ನಷ್ಟೇ ಉದ್ದ ಇದೆ! ಹಳದಿ ಮೈ, ಕಪ್ಪು ಪಟ್ಟೆ. ಕೆಳಗೆ ಕೆಂಪು ಕೋಟಿನ ಬಿಳಿಯ ಮಲಗಿದ್ದಾನೆ, ಹುಲಿ ಅವನ ಕುತ್ತಿಗೆಗೆ ಬಾಯಿ ಹಾಕಿದೆ. ಹುಲಿಯ ಪಕ್ಕೆಯಲ್ಲೊಂದು ಹಿಡಿಕೆ. ಅದನ್ನು ತಿರುಗಿಸಿದರೆ ಮನುಷ್ಯನ ಕೈ ಮೇಲೆ ಕೆಳಗೆ ಆಡುತ್ತದೆ, ಒಳಗಿನ ತಿದಿಯಿಂದ ನರಳುವ ಸದ್ದು ಬರುತ್ತದೆ. ಹೊಟ್ಟೆಯೊಳಗೆ ಪುಟ್ಟ ಆರ್ಗನ್ ವಾದ್ಯ ಕೂಡ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಡಗು ಹತ್ತಿ ಬಂದದ್ದು ಇದು. ಈಗ ಗಾಜಿನೊಳಗಿದೆ, ಯಾರೂ ಹಿಡಿಕೆ ಮುಟ್ಟುವಂತಿಲ್ಲ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. "ನಮ್ಮೂರಿಂದು ಅಲ್ಲೇನ್ ಮಾಡ್ತದೆ?" ಅಂದರು. ನಾನೇನು ಹೇಳಲಿ? ನೀವು ಹೋಗುವ ಮೊದಲು ಅದು ನೋಡಲು ಸಿಗುತ್ತದೆಯೇ ಎಂದು ಮ್ಯೂಸಿಯಂನ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ. ಗ್ಯಾಲರಿಗಳನ್ನು ಆಗಾಗ ದುರಸ್ತಿಗೆ ಮುಚ್ಚುವುದುಂಟು. ಶೌಚಾಲಯವನ್ನೂ ಇಲ್ಲೇ ಮುಗಿಸಿ, ನೀರಿನ ಬಾಟಲಿ ತುಂಬಿಸಿಕೊಳ್ಳಿ.

ಇನ್ನು ನಾನು ಮಾಡಿದ ಪೆದ್ದು ಕೆಲಸ. ಇಲ್ಲಿ ಮೆಟ್ರೋಗೆ ಟಿಕೆಟ್ ಬೇಡ, ಬ್ಯಾಂಕ್ ಕಾರ್ಡನ್ನೋ ಫೋನನ್ನೋ ಗೇಟಿಗೆ ಮುಟ್ಟಿಸಿದರೆ ಆಯಿತು. ಸೌತ್ ಕೆನ್ಸಿಂಗ್‌ಟನ್‌ನಲ್ಲಿ ಫೋನ್ ಮುಟ್ಟಿಸಿ ಒಳಗೆ ಹೋದೆ. ವೆಸ್ಟ್‌ಮಿನ್‌ಸ್ಟರ್‌ಗೆ ಬರುವಷ್ಟರಲ್ಲಿ ಫೋನ್ ಸತ್ತಿತ್ತು. ಕಾರ್ಡ್ ಮುಟ್ಟಿಸಿದೆ, ಗೇಟೂ ತೆರೆಯಿತು. ಎರಡೂ ಒಂದೇ ಖಾತೆಯದು ತಾನೇ ಅಂದುಕೊಂಡೆ. ಆದರೆ ಆ ಯಂತ್ರಕ್ಕೆ ಫೋನ್ ಬೇರೆ, ಕಾರ್ಡ್ ಬೇರೆ. ಒಂದೇ ಪ್ರಯಾಣ ಎರಡು ಅರ್ಧ ಪ್ರಯಾಣಗಳಾಗಿ, ಎರಡಕ್ಕೂ ಗರಿಷ್ಠ ದರ ಬಿತ್ತು. ಆಮೇಲೆ ಆನ್‌ಲೈನ್‌ನಲ್ಲಿ ಕೇಳಿಕೊಂಡರೆ ವಾಪಸ್ ಸಿಗುವುದುಂಟು. ಆದರೆ ಆ ತಲೆನೋವು ಯಾಕೆ? ಬೆಳಿಗ್ಗೆಯಿಂದ ಸಂಜೆವರೆಗೆ ಒಂದನ್ನೇ ಬಳಸಿ, ಪವರ್ ಬ್ಯಾಂಕ್ ಮರೆಯಬೇಡಿ. ಇಬ್ಬರು ಹೋದರೆ ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು. ಸಿಟಿ ಬಸ್ಸಿನಲ್ಲಿ ನೋಟು ಚಿಲ್ಲರೆ ನಡೆಯುವುದಿಲ್ಲ. ಹತ್ತುವಾಗ ಮಾತ್ರ ಮುಟ್ಟಿಸಬೇಕು, ಇಳಿಯುವಾಗ ಬೇಡ. ನಾನು ಹೋದಾಗ ಬಸ್ಸಿಗೆ 1.75 ಪೌಂಡ್, ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ ಅಷ್ಟೇ.

ವೆಸ್ಟ್‌ಮಿನ್‌ಸ್ಟರ್ ಸ್ಟೇಷನ್ನಿನಿಂದ ಹೊರಬಂದರೆ ತಲೆ ಮೇಲೇ ಬಿಗ್ ಬೆನ್. ಫೋಟೋ ತೆಗೆದುಕೊಂಡು ಸೇತುವೆ ದಾಟಿ. ಲಂಡನ್ ಐ ಎಂಬ ದೈತ್ಯ ಚಕ್ರ ಹತ್ತಲು ದುಡ್ಡು ಜಾಸ್ತಿ, ಕೆಳಗಿನಿಂದಲೇ ಚೆನ್ನಾಗಿ ಕಾಣುತ್ತದೆ. ಎತ್ತರದಿಂದ ಊರು ನೋಡಲೇಬೇಕೆಂದರೆ ಸ್ಕೈ ಗಾರ್ಡನ್ ಪುಕ್ಕಟೆ. ಆದರೆ ಮುಂಚೆಯೇ ಬುಕ್ ಮಾಡಬೇಕು, ಅದಿರುವುದೂ ಬೇರೆ ದಿಕ್ಕಿನಲ್ಲಿ.

ಸೇತುವೆ ದಾಟಿ ಬಲಕ್ಕೆ ತಿರುಗಿದರೆ ನದಿಯಂಚಿನ ದಾರಿ. ಕೋವಿಡ್‌ನಲ್ಲಿ ತೀರಿಕೊಂಡವರ ನೆನಪಿಗೆ ಉದ್ದಕ್ಕೂ ಗೋಡೆಯ ಮೇಲೆ ಕೆಂಪು ಹೃದಯಗಳನ್ನು ಬರೆದಿದ್ದಾರೆ, ಒಂದೊಂದು ಜೀವಕ್ಕೆ ಒಂದೊಂದು. ಕೆಲವದರೊಳಗೆ ಹೆಸರುಗಳಿವೆ. ಅಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಇನ್ನೂ ಮುಂದೆ ನಡೆದರೆ ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ನಾನು ಹೋದಾಗ ಬುಡದಲ್ಲಿ ಒಂದಿಷ್ಟು ಒಣಗಿದ ಹೂವಿತ್ತು. ಪಕ್ಕದ ಬೆಂಚಿನಲ್ಲಿ ಕೂತು ಡಬ್ಬಿಯಲ್ಲಿದ್ದ ಚಿತ್ರಾನ್ನ ತಿಂದೆ. ತಣ್ಣಗಾಗಿತ್ತು, ಆದರೂ ಸೂಪರ್‌ಮಾರ್ಕೆಟ್‌ನ ತಣ್ಣನೆ ಸ್ಯಾಂಡ್‌ವಿಚ್‌ಗಿಂತ ಎಷ್ಟೋ ವಾಸಿ.

ಅಲ್ಲಿಂದ ಲ್ಯಾಂಬೆತ್ ಸೇತುವೆ ದಾಟಿ ಕೋಚ್ ಸ್ಟೇಷನ್‌ಗೆ ನಡೆದೇ ಹೋಗಬಹುದು, ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಡಿಸೆಂಬರ್‌ನಲ್ಲಾದರೆ ನಾಲ್ಕಕ್ಕೇ ಕತ್ತಲಾಗುತ್ತದೆ, ಆಗ ಈ ನದಿ ದಂಡೆಗೆ ಬೆಳಿಗ್ಗೆಯೇ ಹೋಗಿ, ಮ್ಯೂಸಿಯಂ ಆಮೇಲೆ. ಇನ್ನೊಂದು ಮಾತು. ಬೆಳಿಗ್ಗೆ ಇಳಿದ ಕಟ್ಟಡದಲ್ಲೇ ಸಂಜೆ ಬಸ್ಸು ಸಿಗುತ್ತದೆ ಅಂದುಕೊಳ್ಳಬೇಡಿ. ಬರುವ ಬಸ್ಸಿಗೆ ಒಂದು ಕಟ್ಟಡ, ಹೊರಡುವ ಬಸ್ಸಿಗೆ ರಸ್ತೆಯಾಚೆ ಇನ್ನೊಂದು. ನನಗೆ ಗೊತ್ತಾದದ್ದು ಆರು ಇಪ್ಪತ್ತಕ್ಕೆ. ಬ್ಯಾಗು ಎದೆಗೆ ಅವಚಿಕೊಂಡು ಓಡಿದೆ. ಹತ್ತಿದವರಲ್ಲಿ ನಾನೇ ಕೊನೆಯವನು.